ನಾಲ್ಕು ಒಬ್ಬೆ ಇಡ್ಲಿಯಷ್ಟು ಹೊತ್ತು

"ಕ್ಯೂನಲ್ಲಿ ನಿಂತರೆ ಇವನಿಗೆ ಏನಾಗುತ್ತೆ?"

ಥೀಮ್ ಪಾರ್ಕಿನಲ್ಲಿ, ಕ್ಯೂನಲ್ಲಿ ನಿಲ್ಲಲಾಗದವರಿಗೆ ಪಾಸ್ ಕೊಡುವ ಕೌಂಟರಿನ ಹುಡುಗಿ ಕೇಳಿದಳು. ಕಾಲೇಜು ಮುಗಿಸಿ ಒಂದೆರಡು ವರ್ಷ ಆಗಿರಬೇಕು, ಅಷ್ಟೇ ವಯಸ್ಸು. ನಗುಮುಖ. ದನಿಯಲ್ಲಿ ಅನುಮಾನ ಏನೂ ಇರಲಿಲ್ಲ. ಕೇಳಲೇಬೇಕಾದ ಪ್ರಶ್ನೆ ಕೇಳಿದಳು. ನಾನೂ ಹೇಳಿದೆ. ಮೊದಲು ಕಿವಿ ಮುಚ್ಚಿಕೊಳ್ಳುತ್ತಾನೆ. ಆಮೇಲೆ ಗುನುಗುವುದು ಜೋರಾಗುತ್ತದೆ. ಇಪ್ಪತ್ತು ನಿಮಿಷ ದಾಟಿದರೆ ತಲೆಗೆ ಹೊಡೆದುಕೊಳ್ಳುತ್ತಾನೆ. ಕೆಲವು ಸಲ ಪಕ್ಕದಲ್ಲಿ ನಿಂತವರಿಗೂ ಬೀಳುತ್ತದೆ. ನಾನು ಇಷ್ಟೆಲ್ಲ ಹೇಳುವಾಗ ಮಗ ನನ್ನ ಪಕ್ಕದಲ್ಲೇ ನಿಂತು ಕೌಂಟರಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದ. ಅವನಿಗೆ ಕೇಳಿಸುತ್ತಿಲ್ಲ ಅಂದುಕೊಂಡಿದ್ದೆ.

ಸಂಜೆ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ದನಿ ಬಂತು. "ಹಿ ಹಿಟ್ಸ್ ಹಿಮ್‌ಸೆಲ್ಫ್. ಹಿ ಹಿಟ್ಸ್ ಹಿಮ್‌ಸೆಲ್ಫ್." ನನ್ನದೇ ಮಾತು, ನನ್ನದೇ ರಾಗ. ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದು ಅವನ ಅಭ್ಯಾಸ. ಮನೆ ತಲುಪೋವರೆಗೂ ಹೇಳಿದ. ಡ್ರೈವ್ ಮಾಡುತ್ತಿದ್ದ ಇವರು ರೇಡಿಯೋ ಹಾಕಿದರು, ಆಮೇಲೆ ಆರಿಸಿದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. "ಏನಂತೆ ಮರಿ?" ಅಂತ ಅವನನ್ನೇ ಕೇಳಿದರು.

ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮಗನಿಗೆ ಹನ್ನೊಂದು ವರ್ಷ. ಆಟಿಸಂ ಇದೆ. ಕನ್ನಡ ಪೇಪರಿನಲ್ಲಿ ಸ್ವಲೀನತೆ ಅಂತ ಬರೆಯುತ್ತಾರೆ, ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಆ ಪದ ಬಂದಿಲ್ಲ. ಮೈಸೂರಿನಿಂದ ಅಮ್ಮ ಆರು ತಿಂಗಳಿಗೆ ಬಂದಿದ್ದರು. ಅಮ್ಮನಿಗೆ ಮಂಡಿನೋವು, ಹತ್ತು ಹೆಜ್ಜೆ ನಡೆದರೆ ಕೂರಬೇಕು. ಹಾಗಾಗಿ ಆ ದಿನ ನಮ್ಮ ಜೊತೆ ಇಬ್ಬರು ವಿಕಲಚೇತನರಿದ್ದರು ಅನ್ನಬಹುದು. ಒಬ್ಬರದು ಎಲ್ಲರಿಗೂ ಕಾಣುತ್ತೆ, ಇನ್ನೊಬ್ಬನದು ಕಾಣಲ್ಲ. ಗೇಟಿನ ಹತ್ತಿರ ಬಾಡಿಗೆಗೆ ಗಾಲಿಕುರ್ಚಿ ತಗೊಂಡೆವು. ಅಮ್ಮ ಅದರಲ್ಲಿ ಕೂತರು. ನಿಮಗೆ ಏನಾಗಿದೆ ಅಂತ ಆ ಇಡೀ ದಿನ ಅವರನ್ನು ಒಬ್ಬರೂ ಕೇಳಲಿಲ್ಲ.

ಪಾರ್ಕ್ ಯಾವುದು ಅಂತ ಹೇಳೋದಿಲ್ಲ. ಡಿಸ್ನಿ ಅಲ್ಲ, ಯೂನಿವರ್ಸಲ್ ಅಲ್ಲ. ಆದರೆ ಅದರ ನಿಯಮ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಡಿಸ್ನಿಯ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ. ಈ ವಿಷಯದಲ್ಲಿ ಊರಿಗೆಲ್ಲ ದೊಡ್ಡ ಮನೆ ಅದು. ಅಲ್ಲಿ ಏನು ಮಾಡುತ್ತಾರೋ ನೋಡಿಕೊಂಡು ಉಳಿದವರು ಮಾಡುತ್ತಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕೂತು ಹಳೆಯ ಸುದ್ದಿ, ಕೋರ್ಟಿನ ತೀರ್ಪು ಎಲ್ಲ ಓದಿದೆ. ಓದಿದ ಮೇಲೆ ಸಿಟ್ಟು ಸ್ವಲ್ಪ ಕಮ್ಮಿಯಾಯಿತು, ಬೇಜಾರು ಜಾಸ್ತಿಯಾಯಿತು.

ಹಿಂದೆ ಡಿಸ್ನಿ ಪಾರ್ಕುಗಳಲ್ಲಿ ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್ ಅಂತ ಒಂದು ಕಾರ್ಡ್ ಕೊಡುತ್ತಿದ್ದರು. ಕೌಂಟರಿಗೆ ಹೋಗಿ ನಮ್ಮ ತೊಂದರೆ ಹೇಳಿದರೆ ಸಾಕು. ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ಕಾರ್ಡ್ ತೋರಿಸಿದರೆ ಬಹಳಷ್ಟು ಆಟಗಳಿಗೆ ಬೇರೆ ಬಾಗಿಲಿಂದ ಬೇಗ ಒಳಗೆ ಹೋಗಬಹುದಿತ್ತು. 2013ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಮ್ಯಾನ್‌ಹಟನ್ನಿನ ಶ್ರೀಮಂತ ಮನೆಯವರು ಗಂಟೆಗೆ 130 ಡಾಲರ್ ಕೊಟ್ಟು ವಿಕಲಚೇತನರೊಬ್ಬರನ್ನು ಗೈಡ್ ಅಂತ ಕರೆದುಕೊಂಡು ಹೋಗಿ, ಅವರ ನೆಪದಲ್ಲಿ ಕ್ಯೂ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ. ಓದಿದಾಗ ನಗು ಬಂತು, ಆಮೇಲೆ ಅಸಹ್ಯ ಆಯಿತು. ಆದರೂ ಸುಳ್ಳು ಹೇಳೋಣ ಯಾಕೆ, ನಮ್ಮವರಲ್ಲೂ ಇಂಥವರಿದ್ದಾರೆ. ಚೆನ್ನಾಗಿ ಓಡಾಡುವ ಅಜ್ಜಿಯನ್ನು ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಗೆ ಹತ್ತಿಸಿ ಇಮಿಗ್ರೇಷನ್ ಬೇಗ ಮುಗಿಸಿಕೊಂಡೆವು ಅಂತ ಹೆಮ್ಮೆಯಿಂದ ಹೇಳಿಕೊಂಡವರನ್ನು ನಾನೇ ನೋಡಿದ್ದೇನೆ.

ಅದೇ ವರ್ಷ ಅಕ್ಟೋಬರಿನಲ್ಲಿ ಡಿಸ್ನಿ ಆ ಕಾರ್ಡನ್ನು ನಿಲ್ಲಿಸಿತು. ಅದರ ಜಾಗಕ್ಕೆ ಡಿಸಬಿಲಿಟಿ ಆಕ್ಸೆಸ್ ಸರ್ವಿಸ್ ಬಂತು. ಎಲ್ಲರೂ ಡಿಎಎಸ್, ಇಲ್ಲಾ ಡಾಸ್ ಅನ್ನುತ್ತಾರೆ. ಇದರಲ್ಲಿ ಕಾಯುವುದು ತಪ್ಪೋದಿಲ್ಲ, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತೆ. ಆಟದ ಮುಂದೆ ನಲವತ್ತೈದು ನಿಮಿಷದ ಕ್ಯೂ ಇದ್ದರೆ ನಿಮಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿನ ನಂತರದ ಸಮಯ ಕೊಡುತ್ತಾರೆ. ಆ ಹೊತ್ತು ಎಲ್ಲಾದರೂ ಕೂತಿರಿ, ಓಡಾಡಿ, ಏನಾದರೂ ತಿನ್ನಿ. ಆಮೇಲೆ ಬಂದು ಒಳಗೆ ಹೋಗಿ.

ನನಗೆ ಇದು ನ್ಯಾಯ ಅಂತಲೇ ಅನ್ನಿಸುತ್ತದೆ. ಎಲ್ಲ ತಾಯಂದಿರಿಗೂ ಹಾಗೆ ಅನ್ನಿಸಲಿಲ್ಲ. ಫ್ಲಾರಿಡಾದ ಡಿಸ್ನಿ ಪಾರ್ಕುಗಳ ಮೇಲೆ ಹಲವು ಕುಟುಂಬಗಳು ಕೋರ್ಟಿಗೆ ಹೋದವು. ಅದರಲ್ಲಿ ಒಂದು ಕೇಸು ವರ್ಷಗಟ್ಟಲೆ ನಡೆಯಿತು. ಆಟಿಸಂ ಇರುವ ಒಬ್ಬ ಯುವಕ. ತೀರ್ಪಿನಲ್ಲಿ ಅವನ ಹೆಸರಿಲ್ಲ, ಎ.ಎಲ್. ಅಂತ ಎರಡೇ ಅಕ್ಷರ. ಪಾರ್ಕಿನಲ್ಲಿ ಅವನಿಗೆ ಒಂದು ದಾರಿ ಇದೆ. ಈ ಆಟ ಆದ ಮೇಲೆ ಆ ಆಟ, ಆಮೇಲೆ ಇನ್ನೊಂದು, ಪ್ರತಿ ಸಲವೂ ಅದೇ ಕ್ರಮ. "ಒಂದು ಗಂಟೆ ಬಿಟ್ಟು ಬನ್ನಿ" ಅಂದರೆ ಅವನ ದಾರಿಯೇ ತುಂಡಾಗುತ್ತದೆ. ಓದುವಾಗ ನನ್ನ ಮಗನೇ ಕಣ್ಣ ಮುಂದೆ ಬಂದ. ಇವನಿಗೂ ಸೂಪರ್ ಮಾರ್ಕೆಟ್ಟಿನಲ್ಲಿ ಮೊದಲು ಬಾಳೆಹಣ್ಣು, ಆಮೇಲೆ ಬ್ರೆಡ್. ಬ್ರೆಡ್ ಮೊದಲಾದರೆ ಆ ದಿನ ಮುಗಿಯಿತು.

ಆದರೆ ಡಿಸ್ನಿ ಕೋರ್ಟಿನ ಮುಂದೆ ಇಟ್ಟ ಲೆಕ್ಕವನ್ನೂ ನೋಡಿ. ಹಳೆಯ ಕಾರ್ಡಿನ ಕಾಲದಲ್ಲಿ ಟಾಯ್ ಸ್ಟೋರಿ ಆಟದ ಹತ್ತಿರ ಎಣಿಸಿದ್ದರಂತೆ. ಪಾರ್ಕಿಗೆ ಬಂದವರಲ್ಲಿ ಕಾರ್ಡ್ ಇದ್ದವರು ಶೇಕಡಾ 3.3. ಆ ಆಟ ಆಡಿದವರಲ್ಲಿ ಶೇಕಡಾ 30 ಅವರೇ. ಒಬ್ಬರೇ ಮತ್ತೆ ಮತ್ತೆ ಹೋಗಿ ಬರುತ್ತಿದ್ದರು ಅಂತಾಯಿತು. ಕಾಯದೇ ಎಷ್ಟು ಸಲ ಬೇಕಾದರೂ ಬಿಡಿ ಅಂದರೆ ಪಾರ್ಕ್ ನಡೆಯುವ ರೀತಿಯೇ ಬದಲಾಗಿಬಿಡುತ್ತದೆ ಅಂತ 2020ರಲ್ಲಿ ನ್ಯಾಯಾಧೀಶರು ಡಿಸ್ನಿಯ ಪರವಾಗಿ ತೀರ್ಪು ಕೊಟ್ಟರು.

ಅಮೆರಿಕದಲ್ಲಿ ವಿಕಲಚೇತನರಿಗಾಗಿ 1990ರಲ್ಲಿ ಬಂದ ಕಾಯ್ದೆ, ಎಡಿಎ ಅನ್ನುತ್ತಾರೆ, ಹೇಳುವುದೂ ಇದನ್ನೇ. ವ್ಯಾಪಾರ ಮಾಡುವವರು ವಿಕಲಚೇತನರಿಗಾಗಿ ತಮ್ಮ ನಿಯಮವನ್ನು ಒಂದು ಮಟ್ಟಕ್ಕೆ ಸಡಿಲಿಸಬೇಕು. ಆದರೆ ವ್ಯವಸ್ಥೆಯ ಮೂಲಸ್ವರೂಪವೇ ಕೆಡುವಷ್ಟು ಅಲ್ಲ. 2001ರಲ್ಲಿ ಇದೇ ಪ್ರಶ್ನೆ ಗಾಲ್ಫ್‌ನಲ್ಲಿ ಎದ್ದಿತ್ತು. ಕೇಸಿ ಮಾರ್ಟಿನ್ ಅನ್ನುವ ಆಟಗಾರನಿಗೆ ಕಾಲಿನ ಕಾಯಿಲೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಗಾಡಿಯಲ್ಲಿ ಹೋಗಲು ಬಿಡಿ ಅಂತ ಕೇಳಿದ. ನಡೆಯುವುದೂ ಆಟದ ಭಾಗ ಅಂತ ಪಂದ್ಯ ನಡೆಸುವ ಪಿಜಿಎ ಟೂರ್ ಸಂಸ್ಥೆ ವಾದಿಸಿತು. ಸುಪ್ರೀಂ ಕೋರ್ಟ್ 7-2ರಲ್ಲಿ ಅವನ ಪರವಾಗಿ ನಿಂತಿತು. ಗಾಲ್ಫ್ ಅಂದರೆ ಚೆಂಡು ಹೊಡೆಯುವುದು, ನಡೆಯುವುದಲ್ಲ. ಹಾಗಾದರೆ ಥೀಮ್ ಪಾರ್ಕ್ ಅಂದರೆ ಏನು? ಆಟವಾ, ಕ್ಯೂವಾ? ಒಂದು ಸಲ ಹೋಗಿ ಬಂದವರು ತಲೆ ಕೆರೆದುಕೊಳ್ಳುತ್ತಾರೆ. ಎಂಟು ಗಂಟೆಯಲ್ಲಿ ಐದು ಗಂಟೆ ನಿಂತಿದ್ದೇ ಆಗಿರುತ್ತೆ.

ನನ್ನ ಪ್ರಕಾರ ನಿಜವಾದ ತಿರುವು ಬಂದಿದ್ದು 2021ರಲ್ಲಿ, ಅದೂ ವಿಕಲಚೇತನರಿಗೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ವಿಷಯದಲ್ಲಿ. 1999ರಿಂದ ಡಿಸ್ನಿಯಲ್ಲಿ ಫಾಸ್ಟ್‌ಪಾಸ್ ಅಂತ ಇತ್ತು, ಎಲ್ಲರಿಗೂ ಪುಕ್ಕಟೆ. ಮೊದಲೇ ಸಮಯ ಗೊತ್ತು ಮಾಡಿಕೊಂಡು ಆ ಹೊತ್ತಿಗೆ ಬಂದರೆ ಚಿಕ್ಕ ಕ್ಯೂ. ಕೋವಿಡ್ ಬಂದಾಗ ಅದು ನಿಂತಿತು. ಮತ್ತೆ ಬರುವಾಗ ಹೆಸರು ಬದಲಾಗಿತ್ತು, ಜೊತೆಗೆ ಬೆಲೆಯೂ ಅಂಟಿತ್ತು. ಫ್ಲಾರಿಡಾದಲ್ಲಿ ಒಬ್ಬರಿಗೆ ದಿನಕ್ಕೆ 15 ಡಾಲರಿನಿಂದ, ಕ್ಯಾಲಿಫೋರ್ನಿಯಾದಲ್ಲಿ 20 ಡಾಲರಿನಿಂದ ಶುರು. 2024ರ ಕೊನೆಯಲ್ಲಿ ಇನ್ನೂ ದೊಡ್ಡ ಪಾಸ್ ಒಂದನ್ನು ತಂದರು. ಆಗ ಹಬ್ಬದ ದಿನಗಳಲ್ಲಿ ಫ್ಲಾರಿಡಾದ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ಗೆ ಅದು 449 ಡಾಲರ್‌ವರೆಗೆ. ಒಬ್ಬರಿಗೆ, ಒಂದೇ ದಿನಕ್ಕೆ, ಅದೂ ಪ್ರವೇಶದ ಟಿಕೆಟ್ಟಿನ ಮೇಲೆ.

ಹೀಗೆ ದುಡ್ಡು ಕೊಟ್ಟವರು ಹೋಗುವ ಬಾಗಿಲಿಗೆ ಲೈಟ್ನಿಂಗ್ ಲೇನ್ ಅಂತ ಹೆಸರು. ಡಾಸ್ ಇದ್ದವರು ಒಳಗೆ ಹೋಗುವುದೂ ಅದೇ ಬಾಗಿಲಿನಿಂದ. ಪಕ್ಕದವರು ದುಡ್ಡು ಕೊಟ್ಟು ಬಂದ ಬಾಗಿಲಿಗೆ ನನ್ನ ಮಗ ಸುಮ್ನೆ ಬರುತ್ತಾನೆ. ಫಾಸ್ಟ್‌ಪಾಸ್ ಎಲ್ಲರಿಗೂ ಪುಕ್ಕಟೆ ಇದ್ದಾಗ ಡಾಸ್ ಬೇಕು ಅಂತ ಸುಳ್ಳು ಹೇಳುವವರಿಗೆ ಅಷ್ಟೊಂದು ಲಾಭ ಇರಲಿಲ್ಲ. ಈಗ ಒಂದು ಸುಳ್ಳಿಗೆ ಇಡೀ ಮನೆಮಂದಿಯ ಪಾಸಿನ ದುಡ್ಡು ಉಳಿಯುತ್ತೆ. ಐದು ವರ್ಷದಲ್ಲಿ ಡಾಸ್ ಬಳಕೆ ಮೂರು ಪಟ್ಟಿಗೂ ಜಾಸ್ತಿಯಾಯಿತು ಅಂತ ಡಿಸ್ನಿ ಹೇಳಿದ್ದರಲ್ಲಿ ಸುಳ್ಳರ ಪಾಲು ಎಷ್ಟು, ಇಷ್ಟು ದಿನ ನಾಚಿಕೊಂಡು ಕೇಳದೇ ಇದ್ದವರ ಪಾಲು ಎಷ್ಟು, ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಆದರೆ ಕ್ಯೂ ತಪ್ಪಿಸುವುದಕ್ಕೆ ಬೆಲೆ ಕಟ್ಟಿದವರು ಯಾರು? ಅಂಗಡಿ ತೆರೆದವರೇ ಆಮೇಲೆ ಕಳ್ಳರು ಜಾಸ್ತಿಯಾದರು ಅಂದರೆ ಹೇಗೆ?

ಈ ಲೆಕ್ಕವನ್ನೆಲ್ಲ ಅಮ್ಮನಿಗೆ ವಿವರಿಸಲು ಹೋದೆ. ಅಮ್ಮ ಅರ್ಧಕ್ಕೇ ತಡೆದರು. "ತಿರುಪತಿ ಥರಾನೇ ಬಿಡು" ಅಂದರು. ಸರಿಯಾಗೇ ಇತ್ತು. ಧರ್ಮದರ್ಶನದ ಉದ್ದ ಸಾಲು, ಮುನ್ನೂರು ರೂಪಾಯಿಯ ಸಾಲು, ವಯಸ್ಸಾದವರಿಗೆ, ವಿಕಲಚೇತನರಿಗೆ ಬೇರೆ ವ್ಯವಸ್ಥೆ. "ಅಲ್ಲಿ ದೇವರಾದರೂ ಸಿಗ್ತಾನೆ. ಇಲ್ಲಿ ಇಲಿ ನೋಡೋಕೆ ಇಷ್ಟು ದುಡ್ಡಾ?" ಅಂದರು. ಡಿಸ್ನಿಯ ಮೇಲೆ ಇದಕ್ಕಿಂತ ಚೆನ್ನಾದ ವಿಮರ್ಶೆಯನ್ನು ನಾನು ಓದಿಲ್ಲ.

2024ರ ಏಪ್ರಿಲ್‌ನಲ್ಲಿ ಡಿಸ್ನಿ ಹೊಸ ನಿಯಮ ಹೇಳಿತು. ಫ್ಲಾರಿಡಾದಲ್ಲಿ ಮೇ 20ರಿಂದ, ಇಲ್ಲಿ ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ನಲ್ಲಿ ಜೂನ್ 18ರಿಂದ ಜಾರಿ. ಆಟಿಸಂ ಅಥವಾ ಅದೇ ಥರದ ಬೆಳವಣಿಗೆಯ ತೊಂದರೆಯಿಂದಾಗಿ ಹೆಚ್ಚು ಹೊತ್ತು ಮಾಮೂಲಿ ಕ್ಯೂನಲ್ಲಿ ಕಾಯಲಾಗದವರಿಗೆ ಮಾತ್ರ ಡಾಸ್. ಬಹುಮಟ್ಟಿಗೆ ವಿಡಿಯೋ ಕರೆಯಲ್ಲೇ ಮಾತಾಡಬೇಕು. ಬೇಕಾದರೆ ಹೊರಗಿನ ಸಂಸ್ಥೆಯ ಆರೋಗ್ಯ ತಜ್ಞರೂ ಆ ಕರೆಗೆ ಸೇರುತ್ತಾರೆ. ಜೊತೆಗೆ ಹೋಗುವವರ ಸಂಖ್ಯೆಗೂ ಮಿತಿ. ಸುಳ್ಳು ಹೇಳಿದ್ದು ಗೊತ್ತಾದರೆ ಪಾರ್ಕಿಗೆ ಕಾಯಂ ನಿಷೇಧ.

ನನ್ನ ಮಗನಂಥವರಿಗೆ ಈ ನಿಯಮದಿಂದ ಅನುಕೂಲವೇ ಆಯಿತು, ಹೇಳಿಬಿಡುತ್ತೇನೆ. ಹೊರಗೆ ಉಳಿದವರು ಬೇರೆಯವರು. ಕರುಳಿನ ಕಾಯಿಲೆಯಿಂದ ಯಾವಾಗ ಬೇಕಾದರೂ ಟಾಯ್ಲೆಟ್ಟಿಗೆ ಓಡಬೇಕಾದವರು. ಯುದ್ಧದಿಂದ ಬಂದು ಜನಸಂದಣಿಯಲ್ಲಿ ಉಸಿರು ಕಟ್ಟುವವರು. ಕೀಮೋ ಮಾಡಿಸಿಕೊಂಡು ಬಿಸಿಲಿನಲ್ಲಿ ನಿಲ್ಲಲಾಗದವರು. ಇವರಲ್ಲಿ ಎಷ್ಟೋ ಜನರಿಗೆ ಹಿಂದೆ ಡಾಸ್ ಸಿಗುತ್ತಿತ್ತು. ಈಗ ಅವರಿಗೆ ಹೇಳುವುದು, ಕ್ಯೂನಿಂದ ಹೊರಗೆ ಬಂದು ಮತ್ತೆ ನಿಮ್ಮವರ ಹತ್ತಿರ ಹೋಗಿ ಸೇರಿಕೊಳ್ಳಿ ಅಂತ. ಕಂಬಿಗಳ ನಡುವಿನ ಆ ಸಂದಿಯಲ್ಲಿ ನೂರು ಜನರನ್ನು ಸರಿಸಿ, "ಎಕ್ಸ್‌ಕ್ಯೂಸ್ ಮಿ, ಮುಂದೆ ನಮ್ಮವರಿದ್ದಾರೆ" ಅಂತ ಹೇಳುತ್ತಾ ಹೋಗುವುದನ್ನು ಒಂದು ಸಲ ಯೋಚನೆ ಮಾಡಿ. ಒಂಟಿಯಾಗಿ ಬಂದವರ ಜಾಗ ಹಿಡಿದುಕೊಂಡು ನಿಲ್ಲುವವರು ಯಾರು? 2025ರ ಫೆಬ್ರವರಿಯಲ್ಲಿ ಇಲ್ಲೇ ಆರೆಂಜ್ ಕೌಂಟಿಯ ಕೋರ್ಟಿನಲ್ಲಿ ಇದರ ಮೇಲೆ ದಾವೆ ಬಿತ್ತು. ಒಂದು ಬಗೆಯ ವೈಕಲ್ಯ ಸರಿ, ಇನ್ನೊಂದು ಬಗೆಯದಕ್ಕೆ ಬೆಲೆಯಿಲ್ಲ ಅಂದರೆ ಅದೂ ತಾರತಮ್ಯವೇ ಅನ್ನುವುದು ಅವರ ವಾದ.

ಯೂನಿವರ್ಸಲ್‌ನವರು ಬೇರೆ ದಾರಿ ಹಿಡಿದಿದ್ದಾರೆ. 2023ರಿಂದ ಅವರು ಐಬಿಸಿಸಿಇಎಸ್ ಅನ್ನುವ ಹೊರಗಿನ ಸಂಸ್ಥೆಯಲ್ಲಿ ಮೊದಲೇ ನೋಂದಾಯಿಸಿ ಕಾರ್ಡ್ ತಗೊಳ್ಳಿ ಅನ್ನುತ್ತಾರೆ. ಅಲ್ಲಿ ದಾಖಲೆ ಕೊಡಬೇಕು. ಅಂದರೆ ಒಂದು ಕಡೆ ಮಾತು, ಇನ್ನೊಂದು ಕಡೆ ಕಾಗದ.

ಕಾಗದ ಅಂದಾಗ ನನ್ನ ಅಕ್ಕನ ಮಗಳು ನೆನಪಾಗುತ್ತಾಳೆ. ಅವಳಿಗೂ ಆಟಿಸಂ, ಮೈಸೂರಿನಲ್ಲೇ ಇರುವುದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ಆಯಿಷ್ ಅನ್ನುತ್ತೇವಲ್ಲ, ಅಲ್ಲಿಗೆ ಚಿಕ್ಕಂದಿನಿಂದ ಓಡಾಡಿದ್ದಾಳೆ. ಆಟಿಸಂ ನಮ್ಮ ದೇಶದ ವಿಕಲಚೇತನರ ಕಾಯ್ದೆಯ ಪಟ್ಟಿಗೆ ಸೇರಿದ್ದು 2016ರಲ್ಲಿ. ಅದಕ್ಕೆ ಮೊದಲು 1995ರ ಕಾಯ್ದೆಯಲ್ಲಿ ಏಳೇ ಬಗೆ ಇದ್ದವು. 2016ರಲ್ಲಿ ಅದು ಇಪ್ಪತ್ತೊಂದಾಯಿತು. ಈಗ ಅಕ್ಕನ ಪರ್ಸಿನಲ್ಲಿ ಸರ್ಕಾರ ವಿಕಲಚೇತನರಿಗೆ ಕೊಡುವ ಯುಡಿಐಡಿ ಕಾರ್ಡ್ ಇದೆ. ಅದರ ಮೇಲೆ ಮಗುವಿನ ಫೋಟೋ, ಪಕ್ಕದಲ್ಲಿ ಶೇಕಡಾ ಇಷ್ಟು ಅಂತ ಒಂದು ಸಂಖ್ಯೆ. ನಲವತ್ತು ದಾಟಿದರೆ ಸವಲತ್ತು. ನಾನು ಮೊದಲು ಆ ಕಾರ್ಡ್ ನೋಡಿದಾಗ ಸಿಟ್ಟು ಬಂದಿತ್ತು. ಮಗುವನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ, ಇದೇನಿದು ಅಂತ ಅಕ್ಕನ ಜೊತೆ ಜಗಳವಾಡಿದ್ದೆ. ಅಕ್ಕ ತಣ್ಣಗೆ ಹೇಳಿದ್ದಳು, "ಒಂದು ಸಲ ತೂಗಿಸಿಬಿಟ್ಟರೆ ಮತ್ತೆ ಮತ್ತೆ ಬಾಯಿಬಿಟ್ಟು ಹೇಳೋದು ತಪ್ಪುತ್ತೆ ಕಣೇ."

ಆ ಮಾತು ಆಗ ತಲೆಗೆ ಹೋಗಿರಲಿಲ್ಲ. ಕೌಂಟರಿನ ಮುಂದೆ ನಿಂತಾಗ ಹೋಯಿತು.

ಯಾಕೆಂದರೆ ಈ ಪ್ರಶ್ನೆಗೆ ಉತ್ತರ ಕೊಡುವಾಗ ನಾವು ಮಗುವಿನ ಒಳ್ಳೆಯ ದಿನದ ಬಗ್ಗೆ ಹೇಳುವ ಹಾಗಿಲ್ಲ. ಕಳೆದ ತಿಂಗಳು ಕ್ಷೌರದ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದ. ಅವನ ಟೀಚರ್ ಅದನ್ನು ಡೈರಿಯಲ್ಲಿ ಬರೆದು ನಕ್ಷತ್ರ ಅಂಟಿಸಿದ್ದರು. ಕೌಂಟರಿನಲ್ಲಿ ಆ ಕಥೆ ಹೇಳಿದರೆ ಪಾಸ್ ಹೋಯಿತು. ಅವನ ಅತಿ ಕೆಟ್ಟ ದಿನವನ್ನೇ ಹುಡುಕಿ ತೆಗೆದು, ಗುರುತಿಲ್ಲದವರ ಮುಂದೆ ಹರಡಬೇಕು. ಹೇಳುವಾಗ ದನಿ ಸ್ವಲ್ಪ ನಡುಗಿದರೆ ಒಳ್ಳೆಯದು. ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ತಾನಾಗಿ ಗೊತ್ತಾಗಿರುತ್ತೆ. ಈ ಸಲ ನಾನು ಹತ್ತು ನಿಮಿಷವನ್ನು ಇಪ್ಪತ್ತು ಮಾಡಿದೆನಾ, ಇಪ್ಪತ್ತನ್ನು ಹತ್ತು ಮಾಡಿದೆನಾ ಅಂತ ಈಗ ನನಗೇ ಸರಿಯಾಗಿ ನೆನಪಿಲ್ಲ.

ಇದಕ್ಕೆಲ್ಲ ಬೇರೆ ದಾರಿಯೇ ಇಲ್ಲವಾ ಅಂತ ಕೇಳಿದರೆ, ಒಂದಿದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅನ್ನುವ ಪಾರ್ಕ್. ಗಾರ್ಡನ್ ಹಾರ್ಟ್‌ಮನ್ ಅನ್ನುವವರು ತಮ್ಮ ಮಗಳು ಮಾರ್ಗನ್‌ಗಾಗಿ ಶುರು ಮಾಡಿದ್ದು. ರಜೆಯಲ್ಲಿ ಒಮ್ಮೆ ಈಜುಕೊಳದಲ್ಲಿ ಅವಳು ಬೇರೆ ಮಕ್ಕಳ ಜೊತೆ ಆಡಲು ಹೋದಳಂತೆ. ಅವಳ ಜೊತೆ ಹೇಗೆ ಆಡಬೇಕು ಅಂತ ಗೊತ್ತಾಗದೆ ಆ ಮಕ್ಕಳು ಎದ್ದು ಹೋದರಂತೆ. ಅಲ್ಲಿಂದ ಹುಟ್ಟಿದ ಪಾರ್ಕ್ 2010ರಲ್ಲಿ, ಹಳೆಯ ಕಲ್ಲುಕ್ವಾರಿಯ ಜಾಗದಲ್ಲಿ ತೆರೆಯಿತು. ವಿಕಲಚೇತನರಿಗೆ ಪ್ರವೇಶ ಪುಕ್ಕಟೆ. ಗಾಲಿಕುರ್ಚಿ ಸಮೇತ ಹತ್ತುವ ಉಯ್ಯಾಲೆ, ಗಾಲಿಕುರ್ಚಿ ಸಮೇತ ಸುತ್ತುವ ತಿರುಗುಕುದುರೆ. 2017ರಲ್ಲಿ ಪಕ್ಕದಲ್ಲೇ ನೀರಿನ ಪಾರ್ಕ್ ಮಾಡಿದರು. ಬ್ಯಾಟರಿಯ ಕುರ್ಚಿ ನೀರಿಗೆ ಬಿದ್ದರೆ ಕೆಡುತ್ತೆ ಅಂತ ಅಲ್ಲಿ ಗಾಳಿಯ ಒತ್ತಡದಿಂದ ಓಡುವ ಕುರ್ಚಿ ಇಟ್ಟಿದ್ದಾರೆ. ಯಾರೋ ಕೂತು ಯೋಚನೆ ಮಾಡಿದ್ದಾರೆ ಅನ್ನುವುದು ಇಂಥದ್ದರಲ್ಲಿ ಗೊತ್ತಾಗುತ್ತದೆ. ಆದರೆ ಅದು ದಾನಿಗಳ ದುಡ್ಡಿನಿಂದ ನಡೆಯುವ ಪಾರ್ಕ್. ಡಿಸ್ನಿಯನ್ನು ಅದರ ಪಕ್ಕ ನಿಲ್ಲಿಸಿ ನೋಡು ಅಂದರೆ ನ್ಯಾಯವಲ್ಲ. ಜೊತೆಗೆ ನನ್ನ ಮಗನಿಗೆ ಬೇಕಾಗಿರುವುದು ಅವನ ಕ್ಲಾಸಿನವರೆಲ್ಲ ಹೋಗಿ ಬಂದ ಪಾರ್ಕೇ. ಸೋಮವಾರ ಸ್ಕೂಲಿನಲ್ಲಿ ತೋರಿಸಲು ಅವನಿಗೆ ಆ ಟೀಶರ್ಟೇ ಬೇಕು.

ಆ ದಿನ ನಮಗೆ ಪಾಸ್ ಸಿಕ್ಕಿತು, ಅದನ್ನು ಹೇಳಲೇ ಇಲ್ಲ. ಮೊದಲ ಆಟಕ್ಕೆ ನಲವತ್ತೈದು ನಿಮಿಷ ಬಿಟ್ಟು ಬನ್ನಿ ಅಂದರು. ನಲವತ್ತೈದು ನಿಮಿಷ ಅಂದರೆ ಮಗನಿಗೆ ಏನೂ ಅಲ್ಲ, ಗಾಳಿ. ಗಡಿಯಾರ ತೋರಿಸಿದೆ, ಫೋನಿನಲ್ಲಿ ಬಣ್ಣದ ಟೈಮರ್ ಹಾಕಿದೆ. ಅವನು ಆಟದ ಬಾಗಿಲ ಕಡೆಗೇ ಎಳೆಯುತ್ತಿದ್ದ. ಗುನುಗು ಜೋರಾಗುತ್ತಿತ್ತು.

ಆಗ ಅಮ್ಮ ಗಾಲಿಕುರ್ಚಿಯಿಂದಲೇ ಅವನ ಕೈ ಹಿಡಿದರು. "ನಾಲ್ಕು ಒಬ್ಬೆ ಇಡ್ಲಿ ಮರಿ" ಅಂದರು.

ವಿಷಯ ಏನಂದರೆ, ಮನೆಯಲ್ಲಿ ಇಡ್ಲಿ ಬೇಯುವಾಗ ಅವನು ಒಲೆ ಬಿಟ್ಟು ಅಲುಗಾಡೋದಿಲ್ಲ. ಪಾತ್ರೆಯ ಮುಚ್ಚಳದಿಂದ ಹಬೆ ಬರುವುದನ್ನೇ ನೋಡುತ್ತಾ ನಿಲ್ಲುತ್ತಾನೆ. ಒಂದು ಒಬ್ಬೆ ಬೇಯುವುದು ಎಷ್ಟು ಹೊತ್ತು ಅಂತ ಅವನ ಮೈಗೆ ಗೊತ್ತು. ಒಂದು ಒಬ್ಬೆ ತೆಗೆದ ಮೇಲೆ ಇನ್ನೊಂದು ಇಡುತ್ತಾರೆ ಅಂತಲೂ ಗೊತ್ತು. ಅಮ್ಮ ನಾಲ್ಕು ಬೆರಳು ಎತ್ತಿ ತೋರಿಸಿದರು. ನಾವು ಮರದ ಕೆಳಗಿನ ಬೆಂಚಿಗೆ ಹೋಗಿ ಕೂತೆವು. ಹೊರಗಿನ ತಿಂಡಿ ತರಬಾರದು ಅಂತ ಬೋರ್ಡ್ ಇತ್ತು, ಅಮ್ಮನ ಚೀಲದಲ್ಲಿ ಚಕ್ಕುಲಿ ಇತ್ತು. ಮಗ ಮರ ಸುತ್ತಿದ. ಸುಮಾರು ಹತ್ತು ನಿಮಿಷಕ್ಕೆ ಬಂದು ಅಜ್ಜಿಯ ಒಂದು ಬೆರಳು ಮಡಿಸಿದ. ಮತ್ತೆ ಸುತ್ತಿದ. ನಾನು ಫೋನ್ ನೋಡಿದೆ. ಹನ್ನೊಂದು ನಿಮಿಷ. ಅಮ್ಮ ಚಕ್ಕುಲಿ ಮುರಿಯುತ್ತಾ ಅಂದರು, "ಇದೂ ಕ್ಯೂನೇ ಅಲ್ವೇನೇ? ನೆರಳಲ್ಲಿದೆ ಅಷ್ಟೇ."

ಮೊದಲ ಆಟಕ್ಕೆ ಇದು ನಡೆಯಿತು, ಎರಡನೆಯದಕ್ಕೂ ನಡೆಯಿತು. ಮೂರನೆಯದಕ್ಕೆ ಆರು ಒಬ್ಬೆ ಅಂದಾಗ ನಡೆಯಲಿಲ್ಲ. ಅಜ್ಜಿಯ ಕೈಯನ್ನು ತಳ್ಳಿದ. ಮೂರು ಗಂಟೆಗೆಲ್ಲ ಕಾರಿನ ಹತ್ತಿರ ಇದ್ದೆವು.

ಆ ಪಾರ್ಕಿನ ಕಾರ್ಡಿಗೆ ಒಂದು ವರ್ಷದ ಅವಧಿ. ಮುಂದಿನ ಸಲ ಮಗನನ್ನು ಇವರ ಜೊತೆ ಹೊರಗೆ ಬಿಟ್ಟು ನಾನೊಬ್ಬಳೇ ಕೌಂಟರಿಗೆ ಹೋಗುತ್ತೇನೆ ಅಂದುಕೊಂಡಿದ್ದೆ. ನಿಯಮ ಓದಿದರೆ, ಅರ್ಜಿ ಹಾಕುವಾಗ ಮಗುವೂ ಹಾಜರಿರಬೇಕಂತೆ. ಅಮ್ಮ ಹೋದ ತಿಂಗಳು ಊರಿಗೆ ಹೋದರು. ಇಡ್ಲಿ ಇಟ್ಟಾಗ ಮಗ ಈಗಲೂ ಒಲೆಯ ಮುಂದೆ ನಿಲ್ಲುತ್ತಾನೆ. ಒಬ್ಬೆ ತೆಗೆದ ತಕ್ಷಣ ನನ್ನ ಕೈ ಹಿಡಿದು ಒಂದು ಬೆರಳು ಮಡಿಸುತ್ತಾನೆ.